ಮುಯೆರಣ್ಣನ ನಾಲ್ಕನೆಯ ಕಾಲು

ಶಾಲೆಯ ಬಸ್ಸಿನಲ್ಲಿ ಮೂವತ್ತೆಂಟು ಮಕ್ಕಳನ್ನು ಒಂದು ಗಂಟೆ ಹೊತ್ತು ಸುಮ್ಮನೆ ಕೂರಿಸುವುದು ಹುಡುಗಾಟದ ಕೆಲಸವಲ್ಲ. ಗದರಿಸಿದರೆ ಅಪ್ಪ ಅಮ್ಮಂದಿರು ಶಾಲೆಗೆ ಇಮೇಲ್ ಬರೆಯುತ್ತಾರೆ. ಮುದ್ದು ಮಾಡಿದರೆ ಮಕ್ಕಳು ತಲೆಯ ಮೇಲೆ ಹತ್ತಿ ಕೂರುತ್ತವೆ. ಚಾಕಲೇಟು ಕೊಡೋಣವೆಂದರೆ ಯಾವುದಾದರೊಂದು ಮಗುವಿಗೆ ಕಡಲೆಬೀಜ ಆಗುವುದಿಲ್ಲ. ಇದನ್ನೆಲ್ಲ ನೋಡಿ, ಪೆಟ್ಟು ತಿಂದು, ಕೊನೆಗೆ ಚಂದ್ರಮತಿ ಕಥೆ ಹೇಳಲು ಶುರುಮಾಡಿದಳು.

ಕಟಪಾಡಿ ಕಡೆಯವಳು ಚಂದ್ರಮತಿ. ಗಂಡ ಗುಣಪಾಲ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಮಗ ಲತೇಶ್ ಅಬುಧಾಬಿಯಲ್ಲಿ ಎಸಿ ರಿಪೇರಿ ಕಲಿತು ಅಲ್ಲಿಯೇ ಸೇರಿಕೊಂಡಿದ್ದ. ಕರಾಮದ ಹಳೆಯ ಫ್ಲಾಟೊಂದರಲ್ಲಿ ಒಲಿಂಡಾ ಎಂಬ ಮಂಗಳೂರಿನ ನರ್ಸಿನ ಕುಟುಂಬದೊಡನೆ ಹಂಚಿಕೊಂಡ ಮನೆ, ಇವರಿಗೆ ಒಂದು ಕೋಣೆ, ಅಡುಗೆಮನೆಯಲ್ಲಿ ಅರ್ಧ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಂಟಿಯ ಕೆಲಸಕ್ಕೆ ಸೇರಿ ಚಂದ್ರಮತಿಗೆ ಆಗ ಐದು ವರ್ಷವಾಗಿತ್ತು. ಕರಾಮದಲ್ಲಿ ಹೊರಟ ಬಸ್ಸು ಬರ್ ದುಬೈಯ ಗಲ್ಲಿಗಳನ್ನೆಲ್ಲ ಸುತ್ತಿ, ಗರ್ಹೂದ್ ಸೇತುವೆ ದಾಟಿ ಶಾಲೆ ಮುಟ್ಟುವ ಹೊತ್ತಿಗೆ ಮಕ್ಕಳಿಗೆ ಒಂದು ಕಥೆ ಆಗುತ್ತಿತ್ತು.

ಮೊದಮೊದಲು ಅವಳು ಹೇಳಿದ್ದು ಎಲ್ಲರ ಅಜ್ಜಿಯರೂ ಹೇಳುವ ಮೊಲದ ಕಥೆಗಳನ್ನೇ. ಸಿಂಹವನ್ನು ಬಾವಿಗೆ ಬೀಳಿಸಿದ ಮೊಲ, ಆಮೆಯ ಜೊತೆ ಓಡಿ ಮಾನ ಕಳೆದುಕೊಂಡ ಮೊಲ. ನಾಲ್ಕೇ ದಿನದಲ್ಲಿ ಮಕ್ಕಳು "ಆಂಟಿ, ವಿ ನೋ ದಿಸ್" ಎಂದು ಕಿಟಕಿಯ ಕಡೆ ತಿರುಗಿದವು. ಅವರಿಗೆ ಗೊತ್ತಿದ್ದದ್ದು ಟೀವಿಯ ಮೊಲ. ಬಿಳಿ ಮೈ, ಮುಂದೆ ಎರಡು ಹಲ್ಲು, ಕೈಯಲ್ಲೊಂದು ಕ್ಯಾರೆಟ್. ಚಂದ್ರಮತಿಗೆ ಆ ಮೊಲವನ್ನು ಕಂಡರೆ ಸಿಟ್ಟು. ಅವಳ ಊರಿನ ಮುರಕಲ್ಲು ಪದವಿನ, ಎಂದರೆ ಬೋಳು ಗುಡ್ಡದ, ಮೊಲ ಕ್ಯಾರೆಟ್ಟಿನ ಮುಖ ಕಂಡದ್ದಿಲ್ಲ, ಬಣ್ಣವೂ ಒಣಹುಲ್ಲಿನದು.

ಆ ಪದವಿನ ಮೊಲ ದುಬೈಯ ಬಸ್ಸು ಹತ್ತಿದ್ದು ೨೦೧೪ರ ಏಪ್ರಿಲ್‌ನಲ್ಲಿ, ನಿಖಿತಾ ಎಂಬ ಆರು ವರ್ಷದ ಹುಡುಗಿಯ ದೆಸೆಯಿಂದ.

ನಿಖಿತಾಳ ಎಡಗಾಲು ಹುಟ್ಟಿನಿಂದಲೇ ಸಣ್ಣದು, ಬಲವಿಲ್ಲದ್ದು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸಲಾಕೆ ಕೂರಿಸಿದ ಪಟ್ಟಿ ಕಟ್ಟಿರಬೇಕು. ಮಣಿಪಾಲದಲ್ಲೂ ಇಲ್ಲೂ ತೋರಿಸಿ ಆಗಿತ್ತು. ಈ ಕಾಲು ಹೀಗೆಯೇ, ಇದರ ಜೊತೆ ನಡೆಯಲು ಕಲಿಯಬೇಕು ಎಂಬುದೇ ಎಲ್ಲ ಡಾಕ್ಟರುಗಳ ಮಾತು. ಮೊದಲ ದಿನ ತಾಯಿ ದೀಪ್ತಿ ಮಗಳನ್ನು ಎತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿ, ಯಾರ ಮುಖವನ್ನೂ ನೋಡದೆ ಇಳಿದು ಹೋದಳು. ಹಿಂದಿನಿಂದ ತಿಲಕ್ ಎಂಬ ಕಿಡಿಗೇಡಿ "ರೋಬೋ ಲೆಗ್!" ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಿಖಿತಾ ಅಳಲಿಲ್ಲ. ಯೂನಿಫಾರ್ಮಿನ ಸ್ಕರ್ಟನ್ನು ಮಂಡಿಯ ಕೆಳಗೆ ಎಳೆದೆಳೆದು, ಆ ಪಟ್ಟಿಯನ್ನು ಮುಚ್ಚಲು ನೋಡಿದಳು. ಅದನ್ನು ಕಂಡು ಚಂದ್ರಮತಿ ಸೀಟುಗಳ ನಡುವೆ ಬಂದು ನಿಂತಳು.

"ಎಲ್ಲರೂ ಬೆಲ್ಟ್ ಹಾಕಿ. ಇವತ್ತು ಮುಯೆರಣ್ಣ ಬರ್ತಾನೆ" ಎಂದಳು. ಅದು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ತುಳುವಿನಲ್ಲಿ ಮುಯೆರ್ ಎಂದರೆ ಮೊಲ, ಬಾಯಿಗೆ ಬಂದದ್ದು ಅದು.

"ಹೂ ಈಸ್ ಮುಯೆರಣ್ಣ?"

"ನಮ್ಮ ಊರಿನ ಮೊಲ. ಅವನಿಗೆ ಮೂರೇ ಕಾಲು."

ಬಸ್ಸು ಸುಮ್ಮನಾಯಿತು. ಡ್ರೈವರ್ ಥಾಮಸ್ ಕೂಡ ಕನ್ನಡಿಯಲ್ಲಿ ಒಮ್ಮೆ ನೋಡಿದ.

ಅವತ್ತಿನ ಕಥೆ ಹೀಗಿತ್ತು. ಮುಯೆರಣ್ಣ ಹಡಗು ಹತ್ತಿ ದುಬೈಗೆ ಬಂದಿದ್ದಾನೆ. ಮರುಭೂಮಿಯಲ್ಲಿ ಒಬ್ಬ ಬೇಟೆಗಾರ, ಕೈಯ ಮೇಲೆ ಗಿಡುಗ, ಹಿಂದೆ ನಾಯಿ. ಮರಳಿನ ಮೇಲೆ ಹೆಜ್ಜೆ ನೋಡಿಯೇ ಯಾವ ಪ್ರಾಣಿ ಯಾವ ಕಡೆ ಹೋಯಿತೆಂದು ಹೇಳುವ ಗಟ್ಟಿಗ. ಅವತ್ತು ಮುಯೆರಣ್ಣನ ಹೆಜ್ಜೆ ನೋಡಿ ಅವನ ತಲೆ ಕೆಟ್ಟಿತು. ಇದು ಮೊಲವೂ ಅಲ್ಲ, ನರಿಯೂ ಅಲ್ಲ, ಒಂಟೆಯಂತೂ ಅಲ್ಲವೇ ಅಲ್ಲ. ಮೂರು ಕಾಲಿನದ್ದು ಯಾವುದಪ್ಪಾ? ಜಿನ್ನ್ ಇರಬೇಕೆಂದು ಹೆದರಿ, ಗಿಡುಗವನ್ನು ಕಂಕುಳಲ್ಲಿ ಇಟ್ಟುಕೊಂಡು ಯಲ್ಲಾ ಎಂದು ಓಡಿದ. ನಾಲ್ಕು ಕಾಲಿನ ಮೊಲಗಳೆಲ್ಲ ಬೇಟೆಗಾರನ ಚೀಲದಲ್ಲಿದ್ದವು. ಮುಯೆರಣ್ಣ ಪೊದೆಯ ನೆರಳಲ್ಲಿ ಕೂತು ಖರ್ಜೂರ ತಿನ್ನುತ್ತಿದ್ದ.

ಶಾಲೆಯ ಗೇಟು ಬಂದಾಗ ತಿಲಕ್‌ನೇ ಕೇಳಿದ, "ಆಂಟಿ, ನಾಳೆ?" ನಿಖಿತಾ ಮಾತ್ರ ಇಳಿಯುವಾಗ ಚಂದ್ರಮತಿಯ ಕೈ ಹಿಡಿದು ನಿಂತಳು.

"ಅವನಿಗೆ ಫೋರ್ತ್ ಲೆಗ್ ಯಾವಾಗ ಬರ್ತದೆ?"

"ಬರುವುದಿಲ್ಲ ಮಗಾ."

"ಲಾಸ್ಟ್ ಸ್ಟೋರಿಯಲ್ಲಿ ಕೂಡ?"

"ಯಾವ ಸ್ಟೋರಿಯಲ್ಲೂ ಇಲ್ಲ. ಅವನಿಗೆ ಬೇಡ. ಅವನು ಕೇಳುವುದೂ ಇಲ್ಲ."

ನಿಖಿತಾ "ಪ್ರಾಮಿಸ್?" ಎಂದಳು. ಚಂದ್ರಮತಿ ಪ್ರಾಮಿಸ್ ಎಂದಳು.

ಈ ಮಾತನ್ನು ಅವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮುಂದಿನ ಒಂದೂವರೆ ವರ್ಷ ಮುಯೆರಣ್ಣ ಏನೆಲ್ಲ ಮಾಡಿದ! ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿದ, ಮೆಟ್ರೋದಲ್ಲಿ ನಿದ್ದೆಹೋಗಿ ಕೊನೆಯ ಸ್ಟೇಷನ್ನಿಗೆ ಹೋದ, ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ಮೂರು ಕಾಲಿನ ಪ್ಯಾಂಟು ಹೊಲಿಸಿ ದರ್ಜಿಯ ಜೀವ ತಿಂದ. ಎಡವಿದ, ಬಿದ್ದ, ನಗೆಪಾಟಲಾದ, ಸುಳ್ಳು ಹೇಳಿ ಸಿಕ್ಕಿಬಿದ್ದ. ಆದರೆ ಒಂದು ದಿನವೂ ಇಲ್ಲದ ಕಾಲಿಗಾಗಿ ಅತ್ತವನಲ್ಲ. ಒಮ್ಮೆ ಕಥೆ ಸಿಕ್ಕಿಹಾಕಿಕೊಂಡು, ನಾಲ್ಕನೆಯ ಕಾಲು ಕೊಟ್ಟರೆ ಸುಲಭವಾಗಿ ಬಿಡಿಸಬಹುದು ಎಂಬಂತಾದಾಗ, ಚಂದ್ರಮತಿ ಒಂದು ಶುಕ್ರವಾರದ ರಜೆಯಿಡೀ ತಲೆ ಕೆರೆದುಕೊಂಡು ಬೇರೆ ದಾರಿ ಹುಡುಕಿದಳು. ಗುಣಪಾಲ ಚಾ ಕುಡಿಯುತ್ತಾ "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಹಿರಿಯರು ನಿನ್ನನ್ನು ನೋಡಿಯೇ ಹೇಳಿದ್ದು ಮಾರಾಯ್ತಿ" ಎಂದು ನಕ್ಕ.

ಆ ಹಟದ ಫಲ ಅವಳು ಕಣ್ಣಾರೆ ಕಂಡಳು. ಮೊದಲ ವರ್ಷದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ನಿಖಿತಾ ಅಮ್ಮನ ಕೈ ಬಿಡಿಸಿಕೊಂಡು, ಕಂಬಿ ಹಿಡಿದು, ಬಸ್ಸಿನ ಮೂರು ಮೆಟ್ಟಿಲನ್ನು ತಾನೇ ಹತ್ತಿದಳು. ಸ್ಕರ್ಟು ಎಳೆಯುವುದನ್ನು ಬಿಟ್ಟಿದ್ದಳು. ಯಾವುದೋ ಹೊಸ ಮಗು ಕಾಲು ನೋಡಿದರೆ "ಐ ಆಮ್ ಲೈಕ್ ಮುಯೆರಣ್ಣ" ಎಂದು ಅವಳೇ ಹೇಳುತ್ತಿದ್ದಳು. ತಿಲಕ್ ಅವಳ ಬ್ಯಾಗು ಹಿಡಿಯುವುದಕ್ಕೆ ಜಗಳಾಡುತ್ತಿದ್ದ.

ದೀಪ್ತಿ ಕರಾಮದ ಮನೆಗೆ ಬರತೊಡಗಿದ್ದು ಆಮೇಲೆ. ಬೆಳ್ಮಣ್ಣಿನವಳು, ಮಕ್ಕಳ ಕಾರ್ಟೂನು ತಯಾರಿಸುವ ಒಂದು ಚಿಕ್ಕ ಕಂಪೆನಿಯಲ್ಲಿ ಕೆಲಸ. ಮೊದಲ ದಿನ ಬಾಗಿಲಲ್ಲೇ ಚಂದ್ರಮತಿಯ ಕೈ ಹಿಡಿದು ಕಣ್ಣೀರು ಹಾಕಿದಳು.

"ಚಂದ್ರಕ್ಕಾ, ನನ್ನ ಮಗಳು ನಗುವುದನ್ನು ನಾನು ಮರೆತೇ ಬಿಟ್ಟಿದ್ದೆ."

ಪರದೇಶದಲ್ಲಿ ಊರಿನ ಹುಡುಗಿಯೊಬ್ಬಳು ಅಕ್ಕಾ ಎಂದು ಕರೆದು ಕಣ್ಣೀರು ಹಾಕಿದರೆ ನಮ್ಮವರು ಕರಗದೆ ಇರುತ್ತಾರೆಯೇ? ಗೋಳಿಬಜೆ ಕರಿದರು, ಊರಿನ ಮಾತು ಬಂತು, ದೀಪ್ತಿಯ ಅತ್ತೆಯ ತವರು ಚಂದ್ರಮತಿಯ ಚಿಕ್ಕಮ್ಮನ ಮನೆಗೆ ಎರಡೇ ಗದ್ದೆ ದೂರ ಎಂದು ತಿಳಿಯಿತು. ಆಮೇಲೆ ಶುಕ್ರವಾರ ಬಂತೆಂದರೆ ದೀಪ್ತಿ ಹಾಜರು. ರಜೆಯಲ್ಲಿ ನಿಖಿತಾಳಿಗೆ ಕೇಳಿಸಲಿಕ್ಕೆ ಎಂದು ಮೊಬೈಲಿನಲ್ಲಿ ಕಥೆಗಳನ್ನು ರೆಕಾರ್ಡ್ ಮಾಡಿಕೊಂಡಳು. ಚಂದ್ರಮತಿ ಬಟಾಟೆ ಸುಲಿಯುತ್ತಾ ಹೇಳಿದಳು, ದೀಪ್ತಿ ಕಾಲು ಮಡಚಿ ನೆಲದ ಮೇಲೆ ಕೂತು ಕೇಳಿದಳು.

ಒಂದು ಸಲ ದೀಪ್ತಿ ಕೇಳಿದ್ದುಂಟು. "ಕೊನೆಗೆ ಒಂದು ಕಥೆಯಲ್ಲಿ ಅವನಿಗೆ ಕಾಲು ಬಂದ್ರೆ ಚಂದ ಅಲ್ವಾ ಚಂದ್ರಕ್ಕಾ?"

"ಬೇಡ ಮಾರಾಯ್ತಿ. ಅದೊಂದು ಮಾತ್ರ ಬೇಡ. ನಿನ್ನ ಮಗಳಿಗೆ ನಾನು ಮಾತು ಕೊಟ್ಟಿದ್ದೇನೆ" ಎಂದು ಚಂದ್ರಮತಿ ಎಲ್ಲ ಬಿಡಿಸಿ ಹೇಳಿದಳು. ದೀಪ್ತಿ ತಲೆಯಾಡಿಸಿದಳು. ಹಾಗಾಗಿ ಗೊತ್ತಿಲ್ಲದೆ ಮಾಡಿದೆ ಎಂದು ಅವಳು ಆಮೇಲೆ ಹೇಳುವಂತಿರಲಿಲ್ಲ, ಹೇಳಲೂ ಇಲ್ಲ.

೨೦೧೫ರ ನವೆಂಬರಿನ ಒಂದು ಶುಕ್ರವಾರ ಊರಿನವರ ಸಂಘದ ವಾರ್ಷಿಕೋತ್ಸವ. ಮುಯೆರಣ್ಣನ ಕಾರ್ಟೂನು ಅಲ್ಲಿ ಬಿಡುಗಡೆಯಾಗುತ್ತದೆ, ನೀವು ಮುಂದಿನ ಸಾಲಿನಲ್ಲಿ ಕೂರಬೇಕು ಎಂದು ದೀಪ್ತಿ ವಾರದ ಮುಂಚೆ ಫೋನು ಮಾಡಿದಳು. ಕಾರ್ಟೂನು ಆಗುತ್ತಿದೆ ಎಂಬುದೇ ಚಂದ್ರಮತಿಗೆ ಆಗ ತಿಳಿದದ್ದು. ಕೇಳದೆ ಮಾಡಿದರಲ್ಲ ಎಂದು ಗುಣಪಾಲ ಗೊಣಗಿದ. "ಇರಲಿ ಬಿಡಿ, ನಮ್ಮ ಹುಡುಗಿ ಅಲ್ವಾ. ಸರ್ಪ್ರೈಸ್ ಕೊಡ್ಲಿಕ್ಕೆ ನೋಡಿದ್ದಾಳೆ" ಎಂದು ಇವಳೇ ಸಮಾಧಾನ ಹೇಳಿದಳು. ನಿಜ ಹೇಳಬೇಕೆಂದರೆ ಒಳಗೊಳಗೆ ಸಂತೋಷದಿಂದ ಹಿಗ್ಗಿದ್ದಳು. ಮದುವೆಗೆ ಮಾತ್ರ ಉಡುವ ಮೈಸೂರು ಸಿಲ್ಕ್ ಉಟ್ಟು, ಮಲ್ಲಿಗೆ ಮುಡಿದು, ಗಂಡನ ಜೊತೆ ಮೆಟ್ರೋ ಹತ್ತಿದಳು.

ಸಭಾಂಗಣ ತುಂಬಿತ್ತು. ಬಸ್ಸಿನ ಮಕ್ಕಳಲ್ಲಿ ಹತ್ತಾರು ಮಂದಿ ಬಂದಿದ್ದರು. ಮುಂದಿನ ಸಾಲಿನಲ್ಲಿ ನಿಖಿತಾ ಪಕ್ಕದ ಕುರ್ಚಿ ತಟ್ಟಿ ತೋರಿಸಿ "ಆಂಟಿ, ಇದು ನಿಮ್ಗೆ" ಎಂದಳು. ದೀಪ ಆರಿತು.

ಪರದೆಯ ಮೇಲೆ ಮೊಲ ಬಂತು. ಹಾಲಿನಂಥ ಬಿಳಿ. ಹೆಸರು ಜಂಪು. ಹೋಗಲಿ, ಬಣ್ಣ ಹೆಸರು ಬದಲಾದರೆ ಬದಲಾಗಲಿ ಎಂದು ಚಂದ್ರಮತಿ ಮನಸ್ಸು ಗಟ್ಟಿ ಮಾಡಿಕೊಂಡಳು. ಮೂರು ಕಾಲಿತ್ತು, ಅಷ್ಟು ಸಾಕು. ಆದರೆ ಈ ಮೊಲ ಅಳುತ್ತಿತ್ತು. ಮರದ ಕೆಳಗೆ ಕೂತು ನನಗೆ ಯಾರೂ ಇಲ್ಲ, ನಾನು ಕುಂಟ ಎಂದು ಗೋಳೋ ಎಂದು ಅಳುತ್ತಿತ್ತು. ಬೇರೆ ಮೊಲಗಳು ಅದನ್ನು ಆಟಕ್ಕೆ ಸೇರಿಸಲಿಲ್ಲ. ಐದು ನಿಮಿಷ ಅತ್ತ ಮೇಲೆ ಆಕಾಶದಿಂದ ಒಬ್ಬ ಕಿನ್ನರಿ ಇಳಿದಳು. ಒಳ್ಳೆಯ ಮಕ್ಕಳಿಗೆ ದೇವರು ಎಲ್ಲ ಕೊಡುತ್ತಾನೆ ಎಂದಳು. ಕೋಲು ಆಡಿಸಿದಳು. ಮೊಲಕ್ಕೆ ನಾಲ್ಕನೆಯ ಕಾಲು ಬಂತು. ಈಗ ಎಲ್ಲ ಮೊಲಗಳೂ ಬಂದು ಅದನ್ನು ಅಪ್ಪಿಕೊಂಡು ಕುಣಿದವು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಂದ್ರಮತಿ ಪಕ್ಕಕ್ಕೆ ತಿರುಗಿ ನೋಡಿದಳು. ನಿಖಿತಾ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಅವಳ ಎರಡು ಕೈಯೂ ಫ್ರಾಕಿನ ಅಂಚನ್ನು ಹಿಡಿದು ಕೆಳಗೆ ಎಳೆಯುತ್ತಿದ್ದವು.

ಕದ್ದುಕೊಂಡು ಹೋಗುವವರು ಹೆಸರನ್ನು ಅಳಿಸುತ್ತಾರೆ. ದೀಪ್ತಿ ಹಾಗೆ ಮಾಡಲಿಲ್ಲ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು, ಕಥೆ: ಚಂದ್ರಮತಿ ಗುಣಪಾಲ. ಅದನ್ನು ಓದುವಷ್ಟರಲ್ಲಿ ಯಾರೋ ಇವಳ ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದರು.

ನಮ್ಮವರ ಸನ್ಮಾನ ನಿಮಗೆ ಗೊತ್ತಿದೆ. ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತಾರೆ, ತಲೆಗೆ ಪೇಟ, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಮೇಲೆ ಗಾಜಿನ ಸ್ಮರಣಿಕೆ. ಮನುಷ್ಯನಿಗೆ ಅಲುಗಾಡಲು ಜಾಗವಿರುವುದಿಲ್ಲ. ನಾಲ್ಕು ಗಣ್ಯರು ಹಿಂದೆ ನಿಂತು ಕ್ಯಾಮೆರಾ ನೋಡುತ್ತಾರೆ. ಆ ಕುರ್ಚಿಯಲ್ಲಿ ಕೂತು ಯಾರಾದರೂ ಇದು ತಪ್ಪು ಎಂದದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ನಿರೂಪಕ "ನಮ್ಮೆಲ್ಲರ ಹೆಮ್ಮೆಯ ಚಂದ್ರಕ್ಕ ಎರಡು ಮಾತಾಡಬೇಕು" ಎಂದು ಮೈಕು ಕೊಟ್ಟ. ಚಂದ್ರಮತಿಯ ಗಂಟಲಲ್ಲಿ ಮಾತು ಇತ್ತು. ಇದು ನನ್ನ ಮೊಲ ಅಲ್ಲ ಎಂಬಷ್ಟೇ ಮಾತು. ಕೆಳಗೆ ಮುನ್ನೂರು ಜನ ನಗುತ್ತಾ ಕಾಯುತ್ತಿದ್ದರು. ದೀಪ್ತಿ ಕೈಮುಗಿದು ನಿಂತಿದ್ದಳು. ತುಂಬಿದ ಸಭೆಯಲ್ಲಿ ಒಂದು ಹುಡುಗಿಯ ಮರ್ಯಾದೆ ತೆಗೆಯುವುದು ಹೇಗೆ?

"ಎಲ್ಲರಿಗೂ ಧನ್ಯವಾದ" ಎಂದಳು ಚಂದ್ರಮತಿ. ಬುಟ್ಟಿ ಜಾರದಂತೆ ಹಿಡಿದುಕೊಂಡು, ಹೇಗೋ ಕೈಮುಗಿದಳು.

ಊಟದ ಮೇಜಿನ ಹತ್ತಿರ ದೀಪ್ತಿ ಸಿಕ್ಕಿದಳು. ಮಗಳು ದೂರದಲ್ಲಿ ಅಪ್ಪನ ಜೊತೆ ಇದ್ದಳು.

"ಯಾಕೆ ಹೀಗೆ ಮಾಡಿದಿ ದೀಪ್ತಿ? ನಾನು ಬೇಡ ಅಂತ ಹೇಳಿರ್ಲಿಲ್ವಾ?"

"ಮೂರು ಕಾಲಿನ ಮೊಲ ಯಾರೂ ನೋಡುದಿಲ್ಲ, ಮಕ್ಕಳಿಗೆ ಬೇಜಾರಾಗ್ತದೆ ಅಂತ ಆಫೀಸಿನಲ್ಲಿ ಹೇಳಿದ್ರು ಚಂದ್ರಕ್ಕಾ."

"ಆಫೀಸು ಬಿಡು. ನೀನು ಹೇಳು."

ದೀಪ್ತಿ ತಟ್ಟೆಯನ್ನು ಕೆಳಗಿಟ್ಟಳು. "ನನಗೆ ಆಸೆ ಇರ್ಬಾರ್ದಾ? ಬೆಳಿಗ್ಗೆ ಎದ್ರೆ ಆ ಪಟ್ಟಿ ಕಟ್ಟುದು ನಾನು. ನಿಮ್ಮ ಮೊಲಕ್ಕೆ ಕಾಲು ಬೇಡ. ನನ್ನ ಮಗಳಿಗೆ ಬೇಕು. ಕಥೆಯಲ್ಲಾದ್ರೂ ಒಂದು ಕಾಲು ಬರ್ಲಿ ಅಂತ ಅನ್ಸಿತು. ಅಷ್ಟೇ."

ಆ ಮಾತಿಗೆ ಚಂದ್ರಮತಿಯ ಮನಸ್ಸು ಒಂದು ಗಳಿಗೆ ಮೆತ್ತಗಾಯಿತು. ಹೆತ್ತ ಹೊಟ್ಟೆಯ ಸಂಕಟಕ್ಕೆ ಯಾರು ಏನು ಹೇಳುವುದು? ಆದರೂ ಒಂದು ಮುಳ್ಳು ಉಳಿದಿತ್ತು.

"ಹಾಗಾದ್ರೆ ನಿನ್ನ ಹೆಸರೇ ಹಾಕಬಹುದಿತ್ತಲ್ಲ. ನನ್ನ ಹೆಸರು ಯಾಕೆ?"

"ನಾನು ಹೇಳಿದ್ರೆ ಅವಳು ನಂಬುದಿಲ್ಲ ಚಂದ್ರಕ್ಕಾ" ಎಂದಳು ದೀಪ್ತಿ. "ನೀವು ಹೇಳಿದ್ರೆ ಮಾತ್ರ ನಂಬುದು."

ಚಂದ್ರಮತಿಗೆ ಮೈಯೆಲ್ಲ ಉರಿದುಹೋಯಿತು. ಕಥೆ ಹೋಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ, ಕಥೆ ಇನ್ನೊಂದು ಕಟ್ಟಬಹುದು. ಇವಳು ತೆಗೆದುಕೊಂಡಿದ್ದು ಒಂದು ಮಗು ತನ್ನ ಮೇಲೆ ಇಟ್ಟ ನಂಬಿಕೆಯನ್ನು. ಅದನ್ನು ತೆಗೆದುಕೊಂಡು, ಅದರ ಮೇಲೆ ಶಾಲು ಹೊದಿಸಿ, ತನ್ನ ಕೈಯಿಂದಲೇ ನಮಸ್ಕಾರವನ್ನೂ ಮಾಡಿಸಿದ್ದಳು. ಉಂಡ ಮನೆಯ ಜಂತಿ ಎಣಿಸುವುದು ಎಂದರೆ ಇದು.

ಮನೆಗೆ ಬಂದವಳು ಸೀರೆಯನ್ನೂ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತಳು. "ಊರಿಗೆ ಹೋದಾಗ ದೈವದ ಮುಂದೆ ದೂರು ಇಡ್ತೇನೆ ನೋಡಿ. ಅವಳನ್ನು ಬಿಡುದಿಲ್ಲ" ಎಂದಳು.

ಗುಣಪಾಲ ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ಕು ಬಿಚ್ಚುತ್ತಿದ್ದ. "ಎಂತ ಹೇಳ್ತಿ ದೈವಕ್ಕೆ? ಮೊಲಕ್ಕೆ ಕಾಲು ಕೊಟ್ಟಳು, ನನಗೆ ಶಾಲು ಹೊದಿಸಿದಳು ಅಂತ ಹೇಳ್ತಿಯಾ? ದೈವ ನಿನ್ನನ್ನೇ ಕೇಳ್ತದೆ, ಇದರಲ್ಲಿ ಅನ್ಯಾಯ ಎಲ್ಲಿ ಉಂಟು ಅಂತ."

ಅವನು ಸಮಾಧಾನಕ್ಕೆ ಹೇಳಿದ್ದು. ಆದರೆ ಅದು ನಿಜವಾಗಿತ್ತು. ಈ ಅನ್ಯಾಯವನ್ನು ಯಾರ ಮುಂದೆ ಇಟ್ಟರೂ ಅದು ಉಪಕಾರದ ಹಾಗೆಯೇ ಕಾಣುತ್ತಿತ್ತು. ಒಲಿಂಡಾ ಕೂಡ ಅಡುಗೆಮನೆಯಿಂದ ಬಂದು ಶಾಲು ಮುಟ್ಟಿ ನೋಡಿ, ಒಳ್ಳೆ ಕ್ವಾಲಿಟಿ ಅಕ್ಕಾ ಎಂದು ಹೊಗಳಿ ಹೋದಳು.

ಶನಿವಾರವಿಡೀ ಚಂದ್ರಮತಿ ಒಂದೇ ಯೋಚನೆ ಮಾಡಿದಳು. ಇಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ, ಅವತ್ತು ಬಸ್ಸಿನಲ್ಲಿ ನಿಖಿತಾಳಿಗೆ ಹೇಳಿಬಿಡಬೇಕು. ಅದು ನನ್ನ ಮೊಲ ಅಲ್ಲ, ನಾನು ಮಾತು ತಪ್ಪಲಿಲ್ಲ. ಇಷ್ಟು ಹೇಳಿದರೆ ಸಾಕು, ಮಗು ಬುದ್ಧಿವಂತೆ, ತಿಳಿದುಕೊಳ್ಳುತ್ತಾಳೆ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಮಕ್ಕಳ ಗಲಾಟೆಯೋ ಗಲಾಟೆ. ಆಂಟಿಯ ಹೆಸರು ಸ್ಕ್ರೀನಿನಲ್ಲಿ ಬಂತು, ಆಂಟಿ ಫೇಮಸ್ ಎಂದು ತಿಲಕ್ ಎಲ್ಲರಿಗೂ ಸಾರುತ್ತಿದ್ದ. ನಾಲ್ಕು ಕಾಲಲ್ಲಿ ಅವನು ಈಗ ಎಷ್ಟು ಫಾಸ್ಟ್ ಓಡುತ್ತಾನೆ ಎಂದು ಇನ್ನೊಬ್ಬಳು ಕೇಳಿದಳು. ನಿಖಿತಾ ತನ್ನ ಸೀಟಿನಲ್ಲಿ ಸುಮ್ಮನೆ ಕೂತಿದ್ದಳು. ಮೂಗು ಸುರಿಯುತ್ತಿತ್ತು. ಬರ್ ದುಬೈಯ ಸಿಗ್ನಲಿನಲ್ಲಿ ಬಸ್ಸು ನಿಂತಾಗ ಚಂದ್ರಮತಿ ಅವಳ ಪಕ್ಕದಲ್ಲಿ ಕೂತಳು.

"ಶೀತ ಆಗಿದ್ಯಾ ಮಗಾ?"

"ಎಸಿ ಇತ್ತು." ನಿಖಿತಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಮಲಗುವಾಗ ನನ್ನ ಕಾಲನ್ನು ಬೆಡ್‌ಶೀಟಿನ ಔಟ್‌ಸೈಡ್ ಇಟ್ಟಿದ್ದೆ. ಟೂ ನೈಟ್ಸ್. ಮುಚ್ಚಿದ್ರೆ ಫೇರಿಗೆ ಯಾವ ಕಾಲು ಅಂತ ಗೊತ್ತಾಗುದಿಲ್ಲ ಅಲ್ವಾ? ಅವಳು ಬರ್ಲೇ ಇಲ್ಲ. ಆಂಟಿ, ನಾನು ಗುಡ್ ಗರ್ಲ್ ಅಲ್ವಾ?"

 ಚಂದ್ರಮತಿ ಆ ಮಗುವಿನ ಎರಡು ಕೈಯನ್ನೂ ಹಿಡಿದುಕೊಂಡಳು.

"ಕೇಳು ಮಗಾ. ಫೇರಿ ಇಲ್ಲ. ಯಾರ ಹತ್ತಿರವೂ ಬರುದಿಲ್ಲ. ನೀನು ಒಳ್ಳೆಯ ಹುಡುಗಿ, ಎಲ್ಲರಿಗಿಂತ ಒಳ್ಳೆಯ ಹುಡುಗಿ, ಅದಕ್ಕೂ ಕಾಲಿಗೂ ಸಂಬಂಧ ಇಲ್ಲ. ಆ ಕಥೆ ನಂದಲ್ಲ. ನನ್ನ ಮುಯೆರಣ್ಣ ಯಾವತ್ತೂ ಅಳುದಿಲ್ಲ, ನಿಂಗೆ ಗೊತ್ತುಂಟಲ್ಲ. ನಾನು ಹಾಗೆ ಹೇಳ್ಲೇ ಇಲ್ಲ. ಬೇರೆಯವರು ಮಾಡಿದ್ದು."

ನಿಖಿತಾ ಅವಳ ಮುಖವನ್ನೇ ನೋಡಿದಳು.  ಸಿಗ್ನಲ್ ಬಿಟ್ಟಿತು. ಥಾಮಸ್ ಬಸ್ಸನ್ನು ಹೊರಡಿಸಿದ. ನಿಖಿತಾ ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬಟ್ ಆಂಟಿ," ಎಂದಳು, "ಮೈಕ್ ನಿಮ್ಮ ಕೈಯಲ್ಲೇ ಇತ್ತಲ್ಲ."